ಪುಕ್ಕಟೆ ಟೀವಿಗೆ ದುಡ್ಡು ಕೊಡುವವರು ಯಾರು?



ನಮ್ಮ ಕನ್ನಡ ಕಾರ್ಯಕ್ರಮ ಕೇಳುವುದಕ್ಕೆ ನೀವು ಯಾರಿಗೂ ಬಿಲ್ ಕಟ್ಟುವುದಿಲ್ಲ. ರೇಡಿಯೋ ಒಂದಿದ್ದರಾಯಿತು, ಕಿವಿ ಹಿಂಡಿದರೆ ಕನ್ನಡ ಬರುತ್ತದೆ. ಟೀವಿಯ ಮಾತು ಹಾಗಲ್ಲ. ಕೋಥ್ರೂಡ್ ಇರಲಿ, ಪಿಂಪ್ರಿ-ಚಿಂಚ್‌ವಾಡ್ ಇರಲಿ, ಕನ್ನಡದ ನಾಲ್ಕು ಜನ ಕೂಡಿದ ಕಡೆ ಒಂದು ದೂರು ಇದ್ದೇ ಇರುತ್ತದೆ: ಕೇಬಲ್‌ನವನು ಕನ್ನಡ ಚಾನೆಲ್ ಕೊಡುವುದಿಲ್ಲ, ಕೊಟ್ಟರೂ ಬೇರೆ ದುಡ್ಡು ಕೇಳುತ್ತಾನೆ. ಆಗ ಯಾರಾದರೊಬ್ಬರು ಹೇಳುತ್ತಾರೆ, "ಡಿಡಿ ಫ್ರೀ ಡಿಶ್ ಹಾಕಿಸಿ, ಪುಕ್ಕಟೆ!"

ಪುಕ್ಕಟೆ ಎಂದರೆ ಎಲ್ಲರ ಕಿವಿ ನೆಟ್ಟಗಾಗುತ್ತದೆ. ಆದರೆ ಸ್ಟುಡಿಯೋ, ಕ್ಯಾಮೆರಾ, ಉಪಗ್ರಹ, ಸಂಬಳ ಯಾವುದೂ ಪುಕ್ಕಟೆ ಅಲ್ಲವಲ್ಲ? ಹಾಗಾದರೆ ದುಡ್ಡು ಎಲ್ಲಿಂದ ಬರುತ್ತದೆ? ದುಡ್ಡು ಕೊಡುವವನು ಯಾರು ಎಂದು ತಿಳಿದರೆ, ನಿಮ್ಮ ಪರದೆಯ ಮೇಲೆ ಯಾವ ಭಾಷೆ ಬರುತ್ತದೆ, ಯಾವುದು ಬರುವುದಿಲ್ಲ ಎಂಬುದೂ ತಿಳಿಯುತ್ತದೆ. ಊರು ಬಿಟ್ಟು ಬಂದ ನಮಗೆ ಇದು ಬರೀ ಲೆಕ್ಕಾಚಾರದ ವಿಷಯವಲ್ಲ. ಮನೆಯಲ್ಲಿ ಅಜ್ಜಿಗೆ ಮಾತು ಅರ್ಥವಾಗುವ ಒಂದು ಚಾನೆಲ್ ಇರುತ್ತದೋ ಇಲ್ಲವೋ ಎಂಬ ವಿಷಯ.

ಮೊದಲು ಎರಡು ಮಾತು ಬೇರೆ ಬೇರೆ ಮಾಡೋಣ

'ಫ್ರೀ ಟು ಏರ್' ಮತ್ತು 'ಫ್ರೀ ಡಿಶ್' ಎರಡನ್ನೂ ಒಂದೇ ಎಂದು ತಿಳಿದವರು ಬಹಳ ಮಂದಿ. ಎರಡೂ ಒಂದೇ ಅಲ್ಲ.

'ಫ್ರೀ ಟು ಏರ್' ಎಂದರೆ ಚಂದಾ ಕೇಳದ ಚಾನೆಲ್. ಪೇ ಚಾನೆಲ್ ತನ್ನ ಬೆಲೆಯನ್ನು ಘೋಷಿಸುತ್ತದೆ, ಆ ಬೆಲೆ ಕೇಬಲ್ ಅಥವಾ ಡಿಟಿಎಚ್ ಬಿಲ್ಲಿನಲ್ಲಿ ನಿಮ್ಮ ತಲೆಗೆ ಬರುತ್ತದೆ. ಉದಯ, ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಇವೆಲ್ಲ ಪೇ ಚಾನೆಲ್‌ಗಳು. ಫ್ರೀ ಟು ಏರ್ ಚಾನೆಲ್ಲಿಗೆ ಹಾಗೆ ಬೆಲೆ ಇಲ್ಲ. ಆದರೆ ಅದನ್ನು ಕೇಬಲ್ ಮೂಲಕ ನೋಡಿದರೆ ಕೇಬಲ್‌ನವರ ಮೂಲ ಶುಲ್ಕವನ್ನು ಕೊಡಲೇಬೇಕು. ಬಾವಿ ನೀರಿಗೆ ದುಡ್ಡಿಲ್ಲ, ಹೊತ್ತು ತಂದವನಿಗೆ ಕೂಲಿ ಕೊಡಬೇಕು, ಹಾಗೆ.

'ಡಿಡಿ ಫ್ರೀ ಡಿಶ್' ಎಂದರೆ ಪ್ರಸಾರ ಭಾರತಿ ನಡೆಸುವ ಡಿಟಿಎಚ್ ಸೇವೆ. ಇಲ್ಲಿ ಹೊತ್ತು ತರುವ ಕೂಲಿಯೂ ಇಲ್ಲ. ಡಿಶ್ಶು, ಪೆಟ್ಟಿಗೆ, ವೈರು ಎಲ್ಲ ಸೇರಿ ಸುಮಾರು ಎರಡು ಸಾವಿರ ರೂಪಾಯಿ ಒಮ್ಮೆ ಖರ್ಚು ಮಾಡಿದರೆ ತಿಂಗಳ ಬಿಲ್ಲಿನ ಗೊಡವೆ ಇಲ್ಲ.

ಗೋಪುರದ ಕಾಲ, ಕೇಬಲ್‌ನವನ ಕಾಲ

ಪುಣೆಗೆ ಟೀವಿ ಬಂದದ್ದು ಸಿಂಹಗಡದ ಮೇಲಿನಿಂದ. 1972ರ ಅಕ್ಟೋಬರ್ 2ರಂದು ಮುಂಬಯಿಯಲ್ಲಿ ಟೀವಿ ಕೇಂದ್ರ ಶುರುವಾಯಿತು. ಮರುವರ್ಷ ಸಿಂಹಗಡದ ಟ್ರಾನ್ಸ್‌ಮಿಟರ್ ಮುಂಬಯಿಯ ಕಾರ್ಯಕ್ರಮಗಳನ್ನು ಪುಣೆಯ ಮನೆಗಳಿಗೆ ತಲುಪಿಸತೊಡಗಿತು. ಕೋಟೆಯ ಮೇಲಿನ ಆ ಗೋಪುರವನ್ನು ಭಾನುವಾರ ಬೆಟ್ಟ ಹತ್ತಿದವರೆಲ್ಲ ನೋಡಿಯೇ ಇರುತ್ತಾರೆ.

ಗೋಪುರದ ಪ್ರಸಾರಕ್ಕೆ ಒಂದು ಗುಣವಿದೆ. ಕಣ್ಣಿಗೆ ಕಾಣುವಷ್ಟು ದೂರ, ಹೆಚ್ಚೆಂದರೆ ಇನ್ನಷ್ಟು ಕಿಲೋಮೀಟರು, ಅಷ್ಟೇ ಅದರ ಸೀಮೆ. ಹಾಗಾಗಿ ಗೋಪುರ ಯಾವ ನೆಲದಲ್ಲಿದೆಯೋ ಆ ನೆಲದ ಭಾಷೆಯಲ್ಲೇ ಕಾರ್ಯಕ್ರಮ. ಸಿಂಹಗಡದಿಂದ ಬರುತ್ತಿದ್ದದ್ದು ಹೆಚ್ಚಾಗಿ ಮರಾಠಿ, ಹಿಂದಿ, ಇಂಗ್ಲಿಷ್. ಪುಣೆಯ ಕನ್ನಡಿಗರಿಗೆ ಟೀವಿಯಲ್ಲಿ ಕನ್ನಡ ಸಿಗುವುದೇ ಅಪರೂಪವಾಗಿತ್ತು. ಅದು ಯಾರ ತಪ್ಪೂ ಅಲ್ಲ, ಗೋಪುರದ ಸ್ವಭಾವವೇ ಹಾಗೆ.

ಇದೇ ಹೊತ್ತಿಗೆ ಕರ್ನಾಟಕದಲ್ಲಿ ಬೇರೆಯೇ ಒಂದು ಸಂಗತಿ ನಡೆಯುತ್ತಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ಭಾರತ 'ಸೈಟ್' ಎಂಬ ಪ್ರಯೋಗ ಮಾಡಿತು. ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಉಪಗ್ರಹವನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟೀವಿ ತೋರಿಸಿದರು. ಗುಲ್ಬರ್ಗ, ರಾಯಚೂರು, ಬಿಜಾಪುರ ಕಡೆಯ ಹಳ್ಳಿಗಳೂ ಅದರಲ್ಲಿದ್ದವು. ಬೆಂಗಳೂರಿಗಿಂತ ಮೊದಲೇ ಆ ಹಳ್ಳಿಯವರು ಕನ್ನಡದಲ್ಲಿ ಟೀವಿ ನೋಡಿದರು! ಕೋಳಿಗೂಡಿನ ಬಲೆಯಂಥ ತಂತಿಯಿಂದ ಮಾಡಿದ ದೊಡ್ಡ ಆಂಟೆನಾ, ಊರಿಗೊಂದು ಸೆಟ್, ಬೇಸಾಯ, ಆರೋಗ್ಯ, ಮಕ್ಕಳ ಪಾಠ. ನೋಡಿದವರು ಒಂದು ಪೈಸೆ ಕೊಡಲಿಲ್ಲ. ಪ್ರಯೋಗ ಮುಗಿದ ಮೇಲೆ 1977ರಲ್ಲಿ ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರ ಬಂತು. ಬೆಂಗಳೂರು ಕೇಂದ್ರ ಬಂದದ್ದು ಅದಾದ ಮೇಲೆ.

ಸೈಟ್ ಒಂದು ಮಾತನ್ನು ತೋರಿಸಿಕೊಟ್ಟಿತು. ಗೋಪುರದ ಸೀಮೆ ಹತ್ತಾರು ಕಿಲೋಮೀಟರು, ಉಪಗ್ರಹದ ಸೀಮೆ ಇಡೀ ದೇಶ. ಉಪಗ್ರಹಕ್ಕೆ ರಾಜ್ಯದ ಗಡಿ ಗೊತ್ತಿಲ್ಲ. ಗುಲ್ಬರ್ಗಕ್ಕೆ ಬೀಳುವ ಸಿಗ್ನಲ್ಲು ಸೊಲ್ಲಾಪುರಕ್ಕೂ ಬೀಳುತ್ತದೆ, ಪುಣೆಗೂ ಬೀಳುತ್ತದೆ. ಹಿಡಿಯುವ ಸಾಧನ ಇರಬೇಕು, ಅಷ್ಟೆ.

1990ರ ದಶಕದಲ್ಲಿ ದೂರದರ್ಶನದ ಪ್ರಾದೇಶಿಕ ಭಾಷೆಯ ಚಾನೆಲ್‌ಗಳು ಉಪಗ್ರಹ ಏರಿದವು. ನಮ್ಮ ಚಂದನ ಬಂದದ್ದು ಹಾಗೆ. ಖಾಸಗಿ ಚಾನೆಲ್‌ಗಳೂ ಬಂದವು. 1994ರಲ್ಲಿ ಉದಯ, 2000ದಲ್ಲಿ ಈಟಿವಿ ಕನ್ನಡ. ಸಿಗ್ನಲ್ಲು ಪುಣೆಯ ಮೇಲೂ ಬೀಳುತ್ತಿತ್ತು, ಆದರೆ ಹಿಡಿಯುವುದಕ್ಕೆ ಎಂಟು ಹತ್ತು ಅಡಿಯ ಡಿಶ್ ಬೇಕಿತ್ತು. ಅಂಥ ಡಿಶ್ ಇದ್ದದ್ದು ಕೇಬಲ್‌ನವನ ಮಾಳಿಗೆಯ ಮೇಲೆ. ಬಡಾವಣೆಯಲ್ಲಿ ನೂರು ಮನೆ ಮರಾಠಿ, ಐದು ಮನೆ ಕನ್ನಡ ಇದ್ದರೆ ಆತ ಯಾವ ಚಾನೆಲ್ ಹಾಕುತ್ತಾನೆ? ಆತನೂ ವ್ಯಾಪಾರ ಮಾಡಲಿಕ್ಕೇ ಕೂತವನು. ಹೀಗೆ ಕನ್ನಡ ನಮ್ಮ ತಲೆಯ ಮೇಲೆಯೇ ಹಾದುಹೋಗುತ್ತಿದ್ದರೂ ಮನೆಯೊಳಗೆ ಇಳಿಯಲಿಲ್ಲ.

2004ರ ಡಿಸೆಂಬರ್

2004ರ ಡಿಸೆಂಬರ್ 16ರಂದು ಆಗಿನ ಪ್ರಧಾನಿ ಮನಮೋಹನ್ ಸಿಂಗ್ 'ಡಿಡಿ ಡೈರೆಕ್ಟ್ ಪ್ಲಸ್' ಸೇವೆಗೆ ಚಾಲನೆ ಕೊಟ್ಟರು. ಶುರುವಿನಲ್ಲಿ 33 ಟೀವಿ ಚಾನೆಲ್, ಜೊತೆಗೆ ಆಕಾಶವಾಣಿಯ ರೇಡಿಯೋ ಚಾನೆಲ್‌ಗಳು. ಮುಂದೆ ಇದೇ ಸೇವೆಗೆ ಡಿಡಿ ಫ್ರೀ ಡಿಶ್ ಎಂಬ ಹೆಸರು ಬಂತು. ಇಂದು ಅದರಲ್ಲಿ ನೂರಕ್ಕೂ ಹೆಚ್ಚು ಚಾನೆಲ್‌ಗಳಿವೆ, ದೇಶದಲ್ಲಿ ನಾಲ್ಕು ಕೋಟಿಗೂ ಹೆಚ್ಚು ಮನೆಗಳಲ್ಲಿ ಇದೆ ಎಂಬ ಅಂದಾಜಿದೆ.

ಇದರ ಗುಟ್ಟು ಇರುವುದು 'ಕೆಯು ಬ್ಯಾಂಡ್' ಎಂಬ ತರಂಗದಲ್ಲಿ. ಈ ಸಿಗ್ನಲ್ಲು ಹಿಡಿಯಲು ಎರಡಡಿ ಅಗಲದ ಸಣ್ಣ ಡಿಶ್ ಸಾಕು. ಬಾಲ್ಕನಿಯ ಕಟಕಟೆಗೂ ಬಿಗಿಯಬಹುದು. ಹತ್ತಡಿಯ ಡಿಶ್ ಎರಡಡಿಗೆ ಇಳಿದ ದಿನ, ಯಾವ ಚಾನೆಲ್ ಮನೆಯೊಳಗೆ ಬರಬೇಕು ಎಂದು ತೀರ್ಮಾನಿಸುವ ಅಧಿಕಾರ ಕೇಬಲ್‌ನವನ ಕೈಯಿಂದ ಜಾರಿತು.

ಜೆ.ಸಿ. ನಗರದಿಂದ ನಿಮ್ಮ ಮಾಳಿಗೆಗೆ

ಒಂದು ಕಾರ್ಯಕ್ರಮ ಹೇಗೆ ಬರುತ್ತದೆ ನೋಡಿ. ಡಾ. ನಾ. ಸೋಮೇಶ್ವರ ಅವರ 'ಥಟ್ ಅಂತ ಹೇಳಿ' ನಿಮಗೆಲ್ಲ ಗೊತ್ತು. 2002ರಲ್ಲಿ ಶುರುವಾದ, ಸಾವಿರಾರು ಕಂತು ಕಂಡ ಕ್ವಿಜ್ ಅದು. ಬೆಂಗಳೂರಿನ ಜೆ.ಸಿ. ನಗರದಲ್ಲಿ ದೂರದರ್ಶನ ಕೇಂದ್ರವಿದೆ. ಅಲ್ಲಿಂದ ಚಂದನದ ಸಿಗ್ನಲ್ಲು ಉಪಗ್ರಹಕ್ಕೆ ಏರುತ್ತದೆ. ದೆಹಲಿಯ ತೋಡಾಪುರದಲ್ಲಿ ಫ್ರೀ ಡಿಶ್‌ನ ಭೂಕೇಂದ್ರವಿದೆ. ದೇಶದ ಎಲ್ಲ ಕಡೆಯ ಚಾನೆಲ್‌ಗಳನ್ನು ಅಲ್ಲಿ ಇಳಿಸಿಕೊಂಡು, ಒತ್ತಿ ಕಟ್ಟಿ, ಹಲವು ಚಾನೆಲ್‌ಗಳನ್ನು ಒಂದೊಂದು ಮೂಟೆ ಮಾಡಿ ಮತ್ತೆ ಮೇಲಕ್ಕೆ ಕಳಿಸುತ್ತಾರೆ. ಸಮಭಾಜಕ ವೃತ್ತದ ನೆತ್ತಿಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿ ನಿಂತಂತೆ ಕಾಣುವ ಇಸ್ರೋದ ಜಿಸ್ಯಾಟ್-15 ಉಪಗ್ರಹ ಅದನ್ನು ಹಿಡಿದು ಇಡೀ ದೇಶದ ಮೇಲೆ ಚೆಲ್ಲುತ್ತದೆ. ನಿಮ್ಮ ಡಿಶ್ ಅದನ್ನು ಬೊಗಸೆಯಲ್ಲಿ ಹಿಡಿದಂತೆ ಹಿಡಿಯುತ್ತದೆ, ಪೆಟ್ಟಿಗೆ ಮೂಟೆ ಬಿಚ್ಚುತ್ತದೆ. ಅಂದರೆ ಬೆಂಗಳೂರಿನ ಪ್ರಶ್ನೆ ಪುಣೆಗೆ ಬರುವುದು ದೆಹಲಿ ಸುತ್ತಿ, ಎರಡು ಸಲ ಆಕಾಶ ಹತ್ತಿ ಇಳಿದು!

ಪುಣೆಯಲ್ಲಿ ಡಿಶ್ ಯಾವ ಕಡೆ ತಿರುಗಿರಬೇಕು? ಆಗ್ನೇಯಕ್ಕೆ. ಉತ್ತರದಿಂದ ಬಲಕ್ಕೆ ಎಣಿಸಿದರೆ ಸುಮಾರು 132 ಡಿಗ್ರಿ, ನೆಲದಿಂದ ಸುಮಾರು 59 ಡಿಗ್ರಿ ಮೇಲಕ್ಕೆ. ನಕ್ಷೆ ಹರಡಿಕೊಂಡು ಪುಣೆಯಿಂದ ಆ ದಿಕ್ಕಿಗೆ ಒಂದು ಗೆರೆ ಎಳೆಯಿರಿ. ಗೆರೆ ಹೆಚ್ಚುಕಡಿಮೆ ವಿಜಯಪುರದ ಕಡೆಗೇ ಹೋಗುತ್ತದೆ. ಡಿಶ್ ನೋಡುವುದು ಉಪಗ್ರಹವನ್ನು, ಆದರೂ ಮುಖ ಮಾತ್ರ ನಮ್ಮೂರಿನ ಕಡೆಗೇ.

ಇನ್ನೆರಡು ಮಾತು ನೆನಪಿಡಿ. ಕೆಯು ಬ್ಯಾಂಡಿಗೆ ಮಳೆ ಆಗಿಬರುವುದಿಲ್ಲ. ಜುಲೈ ತಿಂಗಳ ಜಡಿಮಳೆಯಲ್ಲಿ ಚಿತ್ರ ಚೂರುಚೂರಾದರೆ ಗಾಬರಿಯಾಗಿ ಮೆಕ್ಯಾನಿಕ್ಕನ್ನು ಕರೆಯಬೇಡಿ, ಮಳೆ ಇಳಿದ ಮೇಲೆ ತಾನೇ ಸರಿಹೋಗುತ್ತದೆ. ಹಾಗೆಯೇ ಮಾರ್ಚ್ ಮತ್ತು ಅಕ್ಟೋಬರ್ ಆಸುಪಾಸಿನಲ್ಲಿ ಕೆಲವು ದಿನ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬರುತ್ತಾನೆ. ಆಗಲೂ ಕೆಲವು ನಿಮಿಷ ಚಿತ್ರ ಹೋಗುತ್ತದೆ.

ಮೂರು ಚೀಲಗಳು

ಈಗ ದುಡ್ಡಿನ ಮಾತಿಗೆ ಬರೋಣ. ಬಿಲ್ಲಿಲ್ಲದ ಟೀವಿಗೆ ಮುಖ್ಯವಾಗಿ ಮೂರು ಚೀಲಗಳಿಂದ ದುಡ್ಡು ಬರುತ್ತದೆ.

ಮೊದಲನೆಯದು ನೋಡುವವರಿಂದ ಎತ್ತುವ ಲೈಸೆನ್ಸ್ ಫೀ. ಬ್ರಿಟನ್ನಿನ ಬಿಬಿಸಿ ಹೆಚ್ಚಾಗಿ ನಡೆಯುವುದು ಇದರಿಂದ. ಅಲ್ಲಿ 2002ರಲ್ಲಿ 'ಫ್ರೀವ್ಯೂ' ಎಂಬ ಚಂದಾ ಇಲ್ಲದ ಟೀವಿ ಸೇವೆ ಶುರುವಾಯಿತು. ಆದರೂ ಮನೆಯಲ್ಲಿ ಟೀವಿ ನೋಡುವವರು ವರ್ಷಕ್ಕೊಮ್ಮೆ ಲೈಸೆನ್ಸ್ ಕಟ್ಟಬೇಕು. ನಮ್ಮಲ್ಲೂ ಇತ್ತು. ರೇಡಿಯೋ ಲೈಸೆನ್ಸ್ ಪುಸ್ತಕ ಹಿಡಿದು ಪೋಸ್ಟಾಫೀಸಿನಲ್ಲಿ ಸಾಲು ನಿಂತದ್ದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. 1980ರ ದಶಕದ ಮಧ್ಯಭಾಗದಲ್ಲಿ ಅದನ್ನು ತೆಗೆದುಹಾಕಿದರು.

ಎರಡನೆಯದು ಸರ್ಕಾರದ ಖಜಾನೆ. ಅಂದರೆ ನಿಮ್ಮ ತೆರಿಗೆ. ದೂರದರ್ಶನ ಮತ್ತು ಆಕಾಶವಾಣಿಯ ಸಂಬಳದ ಹೊರೆ ಬಹುಪಾಲು ಇದರ ಮೇಲಿದೆ.

ಮೂರನೆಯದು ಜಾಹೀರಾತು. ದೂರದರ್ಶನದಲ್ಲಿ 1976ರಲ್ಲಿ ಜಾಹೀರಾತು ಶುರುವಾಯಿತು. ಖಾಸಗಿ ಫ್ರೀ ಟು ಏರ್ ಚಾನೆಲ್ಲಿಗೆ ಉಸಿರೇ ಜಾಹೀರಾತು, ಚಂದಾ ಎಂಬುದು ಇಲ್ಲವಲ್ಲ. ಖರ್ಚು ಮಾತ್ರ ಬೇಕಾದಷ್ಟಿದೆ. ಸರ್ಕಾರದ ಪರವಾನಗಿ, ಉಪಗ್ರಹದ ಬಾಡಿಗೆ, ಸ್ಟುಡಿಯೋ, ಕಾರ್ಯಕ್ರಮ. ಇಷ್ಟಾದ ಮೇಲೆ ಒಂದು ವಿಚಿತ್ರ ನೋಡಿ: ಪೇ ಚಾನೆಲ್‌ಗೆ ಕೇಬಲ್ ಕಂಪನಿ ದುಡ್ಡು ಕೊಡುತ್ತದೆ, ಆದರೆ ಫ್ರೀ ಚಾನೆಲ್ ಅನೇಕ ಸಲ ತಾನೇ ಕೇಬಲ್ ಕಂಪನಿಗೆ ದುಡ್ಡು ಕೊಟ್ಟು ಸಾಲಿನಲ್ಲಿ ಜಾಗ ಗಿಟ್ಟಿಸಿಕೊಳ್ಳಬೇಕು. ಇದಕ್ಕೆ ಕ್ಯಾರೇಜ್ ಫೀ ಎನ್ನುತ್ತಾರೆ.

ಪುಕ್ಕಟೆ ಜಾಗಕ್ಕೆ ಹರಾಜು

ಫ್ರೀ ಡಿಶ್‌ನಲ್ಲೂ ಖಾಸಗಿ ಚಾನೆಲ್‌ಗಳಿಗೆ ಜಾಗ ಪುಕ್ಕಟೆ ಸಿಗುವುದಿಲ್ಲ. 2011ರಿಂದ ಪ್ರಸಾರ ಭಾರತಿ ಆ ಜಾಗಗಳನ್ನು ಹರಾಜು ಹಾಕುತ್ತಾ ಬಂದಿದೆ. 2019ರ ನಿಯಮದಲ್ಲಿ ಹಿಂದಿ ಮನರಂಜನೆ ಚಾನೆಲ್‌ಗೆ ಹರಾಜಿನ ಆರಂಭದ ಬೆಲೆಯೇ ವರ್ಷಕ್ಕೆ 15 ಕೋಟಿ ರೂಪಾಯಿ! ಅಷ್ಟು ಕೊಟ್ಟು ಏಕೆ ಬರುತ್ತಾರೆ? ಕೋಟಿಗಟ್ಟಲೆ ಮನೆಗಳು ಒಟ್ಟಿಗೆ ಸಿಗುತ್ತವೆ, ಸೋಪು, ಬಿಸ್ಕತ್ತು, ಟೀಪುಡಿಯ ಕಂಪನಿಗಳಿಗೆ ಆ ಮನೆಗಳನ್ನು ತೋರಿಸಿ ಜಾಹೀರಾತು ತರಬಹುದು.

ಅಂದರೆ ಖಾಸಗಿ ಫ್ರೀ ಟೀವಿಯಲ್ಲಿ ನೀವು ಗಿರಾಕಿಯಲ್ಲ. ಗಿರಾಕಿ ಜಾಹೀರಾತಿನವನು, ಮಾರಾಟವಾಗುತ್ತಿರುವುದು ನಿಮ್ಮ ಸಂಜೆಯ ಹೊತ್ತು. ಇದರಲ್ಲಿ ಮೋಸವೇನೂ ಇಲ್ಲ, ಪತ್ರಿಕೆಗಳೂ ಎಫ್‌ಎಂ ರೇಡಿಯೋಗಳೂ ಹಾಗೇ ನಡೆಯುತ್ತವೆ. ಆದರೆ ಗಿರಾಕಿ ಅಲ್ಲದವನಿಗೆ ಕೇಳುವ ಹಕ್ಕು ಕಡಿಮೆ. 2019ರ ಮಾರ್ಚ್‌ನಲ್ಲಿ ಇದು ಚೆನ್ನಾಗಿ ಗೊತ್ತಾಯಿತು. ಚಾನೆಲ್ ದರಗಳ ಹೊಸ ನಿಯಮ ಬಂದ ಹೊತ್ತಿನಲ್ಲಿ ಸ್ಟಾರ್, ಜೀ, ಸೋನಿ, ವಯಾಕಾಮ್ ಈ ನಾಲ್ಕು ದೊಡ್ಡ ಸಂಸ್ಥೆಗಳು ಸ್ಟಾರ್ ಉತ್ಸವ್, ಜೀ ಅನ್‌ಮೋಲ್ ಮುಂತಾದ ತಮ್ಮ ಹಿಂದಿ ಚಾನೆಲ್‌ಗಳನ್ನು ಫ್ರೀ ಡಿಶ್‌ನಿಂದ ಎತ್ತಿಬಿಟ್ಟವು. ದಿನಾ ಧಾರಾವಾಹಿ ನೋಡುತ್ತಿದ್ದವರಿಗೆ ಮರುದಿನ ಚಾನೆಲ್ಲೇ ಇಲ್ಲ. 2020ರಲ್ಲಿ ವಾಪಸು ಬಂದವು, 2022ರ ಏಪ್ರಿಲ್‌ನಲ್ಲಿ ಮತ್ತೆ ಹೋದವು. ನೋಡುವವರನ್ನು ಯಾರೂ ಕೇಳಲಿಲ್ಲ. ದುಡ್ಡು ಕೊಡದವರು ಬಿಲ್ ತೋರಿಸಿ ಜಗಳ ಆಡುವುದಾದರೂ ಹೇಗೆ?

ಇನ್ನು ಪುಣೆಯ ಕನ್ನಡಿಗರ ಸ್ಥಿತಿ ಯೋಚಿಸಿ. ಹುಬ್ಬಳ್ಳಿ, ಮೈಸೂರಿನ ಅಂಗಡಿಗೆ ಜಾಹೀರಾತು ಕೊಡುವವನಿಗೆ ನೀವು ಬೇಡ, ನೀವು ಅಲ್ಲಿ ಕೊಳ್ಳುವವರಲ್ಲ. ಪುಣೆಯಲ್ಲಿ ಸರಕು ಮಾರುವವನಿಗೆ ನಿಮ್ಮನ್ನು ಮರಾಠಿಯಲ್ಲೋ ಹಿಂದಿಯಲ್ಲೋ ಮುಟ್ಟಿದರೆ ಸಾಕು. ಎರಡೂ ಲೆಕ್ಕದಲ್ಲಿ ನಾವು ಬಿಟ್ಟುಹೋದವರು. ಪೇಟೆಯ ಲೆಕ್ಕದಿಂದ ಮಾತ್ರ ನಡೆಯುವ ಪುಕ್ಕಟೆ ಟೀವಿಯಲ್ಲಿ ಪರವೂರಿನ ಕನ್ನಡಿಗನಿಗೆ ಕನ್ನಡ ಸಿಗುವ ಭರವಸೆ ಇಲ್ಲ. ಅಂಥ ಕಡೆ ಕನ್ನಡವನ್ನು ಕರ್ತವ್ಯ ಎಂದು ಕೊಡುವ ಒಬ್ಬರು ಬೇಕು. ಆ ಒಬ್ಬರೇ ಚಂದನ.

ಚಂದನಕ್ಕೆ ಹರಾಜಿಲ್ಲ. ದೂರದರ್ಶನದ ಚಾನೆಲ್ ಆದ್ದರಿಂದ ಅದರ ಜಾಗ ಇದ್ದೇ ಇದೆ. ಕಾರ್ಯಕ್ರಮಗಳಲ್ಲಿ ಖಾಸಗಿ ಚಾನೆಲ್‌ಗಳ ಥಳುಕಿಲ್ಲ ಎಂದು ನೀವು ಹೇಳಬಹುದು. ಒಪ್ಪೋಣ. ಆದರೆ 2020ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿದಾಗ ಕರ್ನಾಟಕದ ಶಿಕ್ಷಣ ಇಲಾಖೆ ಪ್ರೌಢಶಾಲೆ ಮಕ್ಕಳಿಗೆ 'ಸಂವೇದ' ಪಾಠಗಳನ್ನು ನಡೆಸಿದ್ದು ಚಂದನದಲ್ಲಿ. ಮೊಬೈಲ್ ಡೇಟಾ ಇಲ್ಲದ ಮನೆಯ ಮಗುವಿಗೂ ಪಾಠ ಸಿಕ್ಕಿತು. 1975ರಲ್ಲಿ ಸೈಟ್ ಹಳ್ಳಿಗಳಲ್ಲಿ ನಡೆದದ್ದೂ ಇದೇ ಕೆಲಸ. ಜಾಹೀರಾತಿನ ಚೀಲ ಇಂಥದಕ್ಕೆ ಬಾಯಿ ತೆರೆಯುವುದಿಲ್ಲ, ಖಜಾನೆಯ ಚೀಲವೇ ತೆರೆಯಬೇಕು.

ನಮ್ಮ ಕೇಳುಗರಿಗೆ ಇನ್ನೊಂದು ಸಿಹಿ ಸುದ್ದಿ: ಆ ಪೆಟ್ಟಿಗೆಯಲ್ಲಿ ರೇಡಿಯೋ ಕೂಡ ಇದೆ. ಆಕಾಶವಾಣಿಯ ಚಾನೆಲ್‌ಗಳ ಪಟ್ಟಿಯಲ್ಲಿ ಕನ್ನಡವನ್ನು ಹುಡುಕಿ. 2016ರ ಗಣರಾಜ್ಯೋತ್ಸವದಂದು ಬೆಂಗಳೂರಿನಿಂದ ಶುರುವಾದ ಶಾಸ್ತ್ರೀಯ ಸಂಗೀತದ 'ರಾಗಂ' ಡಿಟಿಎಚ್‌ನಲ್ಲೂ ಸಿಗುವ ರೇಡಿಯೋ ಚಾನೆಲ್. ಬೆಳಗಿನ ಕಾಫಿಯ ಹೊತ್ತಿಗೆ ಹಾಕಿಟ್ಟು ನೋಡಿ, ಅಲ್ಲ, ಕೇಳಿ!

ಈಗ ನೀವು ಮಾಡಬಹುದಾದದ್ದು

ಒಂದು. ಕೇಬಲ್ ಅಥವಾ ಖಾಸಗಿ ಡಿಟಿಎಚ್ ಇದ್ದರೆ ಫ್ರೀ ಡಿಶ್ ಹಾಕಿಸುವ ಮೊದಲು ಇರುವ ಪೆಟ್ಟಿಗೆಯಲ್ಲೇ ಚಂದನ ಹುಡುಕಿ. ದೂರದರ್ಶನದ ನಿಗದಿತ ಚಾನೆಲ್‌ಗಳನ್ನು ಎಲ್ಲ ಕೇಬಲ್‌ನವರೂ ತೋರಿಸಲೇಬೇಕು ಎಂದು 1995ರ ಕೇಬಲ್ ಟೀವಿ ಕಾಯ್ದೆಯ 8ನೇ ಕಲಮು ಹೇಳುತ್ತದೆ. ಪ್ರಾದೇಶಿಕ ಚಾನೆಲ್‌ಗಳೂ ಆ ಪಟ್ಟಿಯಲ್ಲಿವೆ. ಪುಣೆಯ ಕೇಬಲ್ 2013ರಲ್ಲೇ ಡಿಜಿಟಲ್ ಆಗಿದೆ, ಆದ್ದರಿಂದ 'ಜಾಗ ಇಲ್ಲ' ಎಂಬ ಹಳೆಯ ನೆಪ ನಡೆಯುವುದಿಲ್ಲ. ನಂಬರು ಕೇಳಿ ತೆಗೆದುಕೊಳ್ಳಿ. ಇದು ಉಪಕಾರವಲ್ಲ, ನಿಮ್ಮ ಹಕ್ಕು.

ಎರಡು. ಕನ್ನಡ ಸುದ್ದಿ ಚಾನೆಲ್‌ಗಳಲ್ಲಿ ಹಲವು ಫ್ರೀ ಟು ಏರ್. ಬಿಲ್ಲಿನಲ್ಲಿ ಅಂಥದಕ್ಕೆ ಬೇರೆ ಬೆಲೆ ಹಾಕಿದ್ದರೆ ಯಾಕೆ ಎಂದು ಕೇಳಿ.

ಮೂರು. ಫ್ರೀ ಡಿಶ್‌ಗೆ ರೀಚಾರ್ಜ್ ಎಂಬುದೇ ಇಲ್ಲ. ತಿಂಗಳಿಗಿಷ್ಟು, ವರ್ಷಕ್ಕಿಷ್ಟು ಎಂದು ಯಾರಾದರೂ ಕೇಳಿದರೆ ಕೊಡಬೇಡಿ.

ನಾಲ್ಕು. ಕ್ರಿಕೆಟ್ ಹುಚ್ಚಿನವರಿಗೆ: 2007ರ ಕಾಯ್ದೆಯಂತೆ ಮುಖ್ಯ ಪಂದ್ಯಗಳ ಸಿಗ್ನಲ್ಲನ್ನು ಖಾಸಗಿಯವರು ಪ್ರಸಾರ ಭಾರತಿಗೂ ಕೊಡಬೇಕು. ಆದರೆ ಆ ಪಂದ್ಯ ದೂರದರ್ಶನದ ಗೋಪುರದಲ್ಲಿ ಮತ್ತು ಫ್ರೀ ಡಿಶ್‌ನಲ್ಲಿ ಮಾತ್ರ, ಕೇಬಲ್‌ನಲ್ಲಿ ಅಲ್ಲ ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್‌ನಲ್ಲಿ ಹೇಳಿತು. ಗೋಪುರದ ಹಳೆಯ ಅನಲಾಗ್ ಪ್ರಸಾರವೂ 2022ರ ಮಾರ್ಚ್ ವೇಳೆಗೆ ದೇಶದ ಬಹುಪಾಲು ಕಡೆ ನಿಂತುಹೋಯಿತು. ಹಾಗಾಗಿ ಅಂಥ ಪಂದ್ಯಕ್ಕೆ ಉಳಿದದ್ದು ಫ್ರೀ ಡಿಶ್.

ಐದು. ಚಂದನ ನೋಡಿದರೆ ಒಂದು ಕಾರ್ಡು ಬರೆಯಿರಿ. ಚೆನ್ನಾಗಿದ್ದರೆ ಚೆನ್ನಾಗಿದೆ ಎನ್ನಿ, ಚಿತ್ರ ಮಸುಕಾಗಿದ್ದರೆ, ಹಳೆಯದನ್ನೇ ಮತ್ತೆ ಮತ್ತೆ ಹಾಕುತ್ತಿದ್ದರೆ ಅದನ್ನೂ ಬರೆಯಿರಿ. ಪುಣೆಯಿಂದ ಎಂದು ವಿಳಾಸ ಹಾಕುವುದನ್ನು ಮರೆಯಬೇಡಿ. ಜಾಹೀರಾತಿನವನ ಲೆಕ್ಕಕ್ಕೆ ಬಾರದ ನಾವು ದೂರದರ್ಶನದ ಲೆಕ್ಕಕ್ಕಾದರೂ ಬರಬೇಕಲ್ಲ! ಗಡಿಯಾಚೆಗೂ ನೋಡುವವರಿದ್ದಾರೆ ಎಂದು ತಿಳಿದರೆ ಗಡಿಯಾಚೆಯವರಿಗೂ ಕಾರ್ಯಕ್ರಮ ಮಾಡಬೇಕು ಎಂದು ಯಾರಿಗಾದರೂ ಅನ್ನಿಸೀತು.

ಪುಕ್ಕಟೆ ಟೀವಿಗೆ ದುಡ್ಡು ಕೊಡುವವರು ಯಾರು ಎಂದು ಕೇಳಿದೆವು. ಖಾಸಗಿ ಚಾನೆಲ್‌ಗೆ ಜಾಹೀರಾತಿನವನು ಕೊಡುತ್ತಾನೆ, ಹಾಗಾಗಿ ಅಲ್ಲಿ ಆತನಿಗೆ ಬೇಕಾದ ಭಾಷೆ. ಚಂದನಕ್ಕೆ ಕೊಡುವವರಲ್ಲಿ ನಿಮ್ಮ ತೆರಿಗೆಯೂ ಸೇರಿದೆ. ಬಿಲ್ ಬಾರದಿದ್ದರೂ ಆಗಲೇ ದುಡ್ಡು ಕಟ್ಟಿದವರು ನೀವು, ಕೇಳುವ ಅಧಿಕಾರವೂ ನಿಮಗಿದೆ. ನೋಡುವುದನ್ನೂ ಕೇಳುವುದನ್ನೂ ಬಿಡಬೇಡಿ.